ಮೊದಲು ರಕ್ತ ಕೊಟ್ಟು ಬರಲಿ

೩ ಫೆಬ್ರವರಿ ೧೯೫೩, ಮಂಗಳವಾರ

ಈ ಸಲದ ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ ಎಂದು ಯಜಮಾನರು ಕೊನೆಗೂ ಒಪ್ಪಿದರು. ಒಪ್ಪಿಸುವುದಕ್ಕೆ ನಾನು ಊಟ ಬಿಟ್ಟು ಕೂರಬೇಕಾಯಿತು. ಬೇರೆ ಗಂಡಸರಾಗಿದ್ದರೆ ಕೆನ್ನೆಗೆ ಬಿಗಿಯುತ್ತಿದ್ದರು. ಇವರು ಹಾಗಲ್ಲ. ಕೆಳಗೆ ಬೆಲ್ಲದ ಮಂಡಿಯ ಮುಂದೆ ಚಾಮರಾಜನಗರದ ಗಾಡಿಗಳು ಬಂದು ನಿಂತಿದ್ದರೂ ತಾವೇ ಬೀದಿಗಿಳಿದು ಜಟಕಾ ಕರೆದು, ನನ್ನನ್ನೂ ಅತ್ತೆಯವರನ್ನೂ ಹತ್ತಿಸಿ ಕಳಿಸಿದರು.

ಲೇಡಿ ಡಾಕ್ಟರ ಹೆಸರು ಮಂಗಳಮ್ಮ. ಕನ್ನಡಕದ ಮೇಲಿನಿಂದ ನೋಡುತ್ತಾರೆ. ನಾಲ್ಕು ತಿಂಗಳು ಆಗಿದೆ, ಎಲ್ಲ ಸರಿಯಾಗಿದೆ ಎಂದರು. ಆಮೇಲೆ ಹಿಂದಿನ ಎರಡರ ವಿಷಯ ಕೇಳಿದರು. ಮೊದಲನೆಯದು ಗಂಡು, ಏಳನೆಯ ತಿಂಗಳಲ್ಲಿ ಹೊಟ್ಟೆಯೊಳಗೇ ಹೋಗಿತ್ತು ಎಂದೆ. ಎರಡನೆಯದು ಹೆಣ್ಣು, ವಾರವೂ ಉಳಿಯಲಿಲ್ಲ. ಮೂಗು ಕಟ್ಟಿ ಮೊಲೆ ಹಿಡಿಯಲಾರದೆ ಒದ್ದಾಡಿತು. ಅಂಗೈ ಅಂಗಾಲಿನಲ್ಲಿ ಬೊಬ್ಬೆ ಎದ್ದು ಚರ್ಮ ಸುಲಿದಿತ್ತು ಎಂದೆ. ಡಾಕ್ಟರು ತಲೆ ಎತ್ತಿದರು. "ಅಂಗೈಲೂ ಇತ್ತಾ? ಅಂಗಾಲಲ್ಲೂ?" ಎಂದು ಮತ್ತೆ ಕೇಳಿದರು. ಸೂಲಗಿತ್ತಿ ಅದನ್ನು ಉಷ್ಣ ಎಂದಿದ್ದಳು. ಅತ್ತೆಯವರು ನನ್ನ ಪಾಪ ಎಂದಿದ್ದರು. ಎರಡೂ ಇರಬಹುದು. ಅದಕ್ಕೇ ತಾನೇ ನಂಜನಗೂಡಿನಲ್ಲಿ ಉರುಳುಸೇವೆ ಮಾಡಿದ್ದು, ಪಪ್ಪಾಯಿ, ಹಲಸು, ಎಳ್ಳು ಬಿಟ್ಟಿದ್ದು, ಕೊನೆಗೆ ಬೆಲ್ಲವನ್ನೂ ಬಿಟ್ಟಿದ್ದು? ಬೆಲ್ಲದ ಮಂಡಿಯ ಸೊಸೆ ಬೆಲ್ಲ ಮುಟ್ಟುವುದಿಲ್ಲ ಎಂದು ಮೊಹಲ್ಲಾದವರು ನಗುತ್ತಾರೆ. ನಗಲಿ. ಇದೊಂದು ಉಳಿದರೆ ಸಾಕು.

ಆಮೇಲೆ ತೋಳಿಗೆ ರಬ್ಬರು ಕಟ್ಟಿ ರಕ್ತ ತೆಗೆದುಕೊಂಡರು. ಅತ್ತೆಯವರು ಬಾಗಿಲಲ್ಲೇ ನಿಂತು, "ಬಸುರಿ ಹೆಂಗ್ಸಿನ ಮೈಯಿಂದ ರಕ್ತ ಹೀರ್ತಾರಲ್ಲ, ಇವ್ರೇನು ಡಾಕ್ಟ್ರುಗಳೋ ಜಿಗಣೆಗಳೋ?" ಎಂದರು. ಹೊರಗೆ ಬೆಂಚಿನ ಮೇಲಿದ್ದ ಬಸುರಿಯರೆಲ್ಲ ನಕ್ಕರು. ನನಗೂ ನಗು ಬಂತು. ತುಂಬ ದಿನವಾಗಿತ್ತು ನಕ್ಕು.

೬ ಫೆಬ್ರವರಿ

ಸೂಜಿ ಚುಚ್ಚಿದ ಜಾಗ ನೀಲಿಗಟ್ಟಿದೆ. ಯಜಮಾನರು ಊಟಕ್ಕೆ ಕೂತವರು ನೋಡಿ, "ರಕ್ತದಲ್ಲಿ ಏನ್ ನೋಡ್ತಾರಂತೆ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. "ಕಾಯ್ಲೆ ಹೆಸರೇನಾದ್ರೂ ಹೇಳಿದ್ರಾ?" ಎಂದರು. ಇಲ್ಲ ಎಂದೆ. ಅರ್ಧ ಊಟಕ್ಕೇ ಎದ್ದುಬಿಟ್ಟರು. ನನ್ನ ಮೇಲೆ ಎಷ್ಟು ಕಾಳಜಿ! ನಾನೇ ಕೆಲವು ಸಲ ಇವರನ್ನು ತಪ್ಪು ತಿಳಿಯುತ್ತೇನೆ.

೧೧ ಫೆಬ್ರವರಿ, ಬುಧವಾರ

ನಾಳೆ ಶಿವರಾತ್ರಿ. ಮನೆ ತೊಳೆಯುವ ಕೆಲಸವಿದ್ದುದರಿಂದ ಅತ್ತೆಯವರು ಬರಲಿಲ್ಲ. ಒಬ್ಬಳೇ ಹೋದೆ.

ಡಾಕ್ಟರು ಬಾಗಿಲು ಹಾಕಿಸಿದರು. "ಒಬ್ರೇ ಬಂದಿದ್ದೀರಾ? ಒಳ್ಳೇದಾಯ್ತು. ಕೂತ್ಕೊಳ್ಳಿ. ನಿಮ್ಮ ರಕ್ತದಲ್ಲಿ ಒಂದು ಕಾಯ್ಲೆ ಸಿಕ್ಕಿದೆ ಕಣಮ್ಮ. ಪರಂಗಿ ಹುಣ್ಣು ಅಂತಾರೆ, ಮೇಹರೋಗ ಅಂತಾರೆ. ಮೈಮೇಲೆ ಏನೂ ಕಾಣಿಸ್ದೆ ಒಳಗೇ ಇರುತ್ತೆ. ತಾಯಿಯಿಂದ ಹೊಟ್ಟೇಲಿರೋ ಮಗುವಿಗೆ ಹೋಗುತ್ತೆ. ನಿಮ್ಮ ಎರಡು ಮಕ್ಕಳೂ ಬಹುಶಃ ಇದರಿಂದ್ಲೇ ಹೋಗಿರಬೇಕು."

ನಾನು ಎಲ್ಲಿಂದ ಬಂತು ಎಂದು ಯೋಚಿಸತೊಡಗಿದೆ. ಕಪಿಲೆಯಲ್ಲಿ ಮುಳುಗಿದ್ದೆನಲ್ಲ, ಸಾವಿರ ಜನ ಮುಳುಗುವ ನೀರು, ಅದರಿಂದಲೇ ಎಂದೆ. ಡಾಕ್ಟರು ತಲೆಯಾಡಿಸಿದರು. "ಇದು ನೀರಿಂದ ಬರಲ್ಲ. ಗಂಡ ಹೆಂಡಿರ ಸಂಬಂಧದಿಂದ ಬರುತ್ತೆ. ಕೇಳ್ಲೇಬೇಕು, ಅದಕ್ಕೆ ಕೇಳ್ತೀನಿ. ನಿಮಗೆ ಬೇರೆ ಯಾರ ಜೊತೆಗಾದ್ರೂ..."

"ಶಿವಶಿವಾ!" ಎಂದು ಕಿವಿ ಮುಚ್ಚಿಕೊಂಡೆ.

"ಹಾಗಾದ್ರೆ ನಿಮ್ಮ ಯಜಮಾನ್ರಿಂದ."

ಡಾಕ್ಟರ ಮೇಲೆ ನನಗೆ ಎಂದೂ ಬಾರದ ಸಿಟ್ಟು ಬಂತು. ನಮ್ಮವರು ಕೊರಳಲ್ಲಿ ಲಿಂಗ ಕಟ್ಟಿದವರು, ಪೂಜೆಯಾಗದೆ ಗುಟುಕು ನೀರು ಕುಡಿಯದವರು, ಮಠದಲ್ಲಿ ದಾಸೋಹ ನಡೆಸುವವರು ಎಂದೆ. ಅವರು ಗದರಲಿಲ್ಲ. "ಲಿಂಗ ಕಟ್ಟಿದೋರ ರಕ್ತಾನೂ ಕೆಂಪಗೇ ಇರುತ್ತಮ್ಮ. ನೀವು ಅಳಬೇಡಿ. ಈಗ ಇದಕ್ಕೆ ಒಳ್ಳೇ ಔಷಧಿ ಬಂದಿದೆ. ಬೇಗ ಶುರು ಮಾಡಿದ್ರೆ ಈ ಮಗೂನ ಉಳಿಸ್ಕೋಬಹುದು. ಆದ್ರೆ ಅವ್ರೂ ಬಂದು ರಕ್ತ ಕೊಟ್ಟು ಸೂಜಿ ಹಾಕಿಸ್ಕೋಬೇಕು. ಇಲ್ದಿದ್ರೆ ನಿಮಗೆ ಹಾಕಿದ್ದೆಲ್ಲ ಹೊಳೇಲಿ ಹುಣಸೇಹಣ್ಣು ತೊಳೆದ ಹಾಗೆ."

ಖಾತ್ರಿಗೆ ಮತ್ತೊಮ್ಮೆ ರಕ್ತ ತೆಗೆದುಕೊಂಡಿದ್ದಾರೆ. ಆ ಬೆಂಚಿನ ಮೇಲೆ ಅಷ್ಟು ಜನ ಹೆಂಗಸರು ಕೂತಿದ್ದರಲ್ಲ, ಯಾರದೋ ರಕ್ತ ನನ್ನದೆಂದು ಅದಲುಬದಲಾಗಿದೆ. ಹಾಗೇ ಆಗಿದೆ.

೧೨ ಫೆಬ್ರವರಿ, ಶಿವರಾತ್ರಿ

ಉಪವಾಸ ಬೇಡ ಎಂದಿದ್ದರು. ಮಾಡಿದೆ. ಯಜಮಾನರು ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಅಂಥವರನ್ನು ಹೇಗೆ ಕೇಳುವುದು? ಅದಲುಬದಲೇ ಆಗಿದೆ.

೧೪ ಫೆಬ್ರವರಿ, ಶನಿವಾರ

ಹೇಳಿಬಿಟ್ಟೆ. ಮಧ್ಯಾಹ್ನ ಮಂಡಿಯ ಬಾಗಿಲು ಎಳೆದುಕೊಂಡು ಮೇಲೆ ಬಂದಿದ್ದರು. ಎಲೆ ಅಡಿಕೆ ಕೊಡುತ್ತಾ ಹೇಳಿದೆ. ಕಾಯಿಲೆಯ ಹೆಸರು ಬಾಯಿಂದ ಹೊರಡದೆ, 'ಮೇಹ' ಎಂದಷ್ಟೇ ಅಂದೆ.

"ಯಾರ್ಯಾರಿಗೆ ಹೇಳಿದ್ದೀಯ?" ಎಂದರು.

ಯಾರಿಗೂ ಇಲ್ಲ ಎಂದೆ. "ಅಮ್ಮಂಗೆ?" ಇಲ್ಲ. ಆಗ ಎಲೆಗೆ ಸುಣ್ಣ ಹಚ್ಚಿದರು. "ಆಸ್ಪತ್ರೆಯೋರು ಸೂಜಿ ಖರ್ಚಾಗ್ಲಿ ಅಂತ ಹಿಂಗೆಲ್ಲ ಹೇಳ್ತಾರೆ ಕಣೆ. ನೀನು ಓದಿದೋಳು, ಇಷ್ಟೂ ಗೊತ್ತಾಗಲ್ವಾ?" ಎಂದು ನಕ್ಕರು. ಅವರೂ ಬಂದು ರಕ್ತ ಕೊಡಬೇಕಂತೆ ಎಂದಾಗ ನಗು ನಿಂತಿತು. "ನಿನ್ ರಕ್ತದಲ್ಲಿ ಸಿಕ್ಕಿದ್ದು ನಿನ್ದು. ನನ್ ರಕ್ತ ಯಾಕೆ ಕೇಳ್ತೀಯ?" ಎಂದು ಎದ್ದು ಕೆಳಗೆ ಹೋದರು.

ಪಾತ್ರೆ ಉಜ್ಜುವಾಗ ಹೊಳೆಯಿತು: ಅದು ಎಂಥ ಕಾಯಿಲೆ ಎಂದು ಕೇಳಲೇ ಇಲ್ಲ. ಮಗುವಿಗೇನಾಗುತ್ತದೆ ಎಂದೂ ಕೇಳಲಿಲ್ಲ. ಗಾಬರಿಯಾಗಿರಬೇಕು. ಗಾಬರಿಯಲ್ಲಿ ಮನುಷ್ಯರಿಗೆ ಏನು ಕೇಳಬೇಕೋ ತಿಳಿಯುವುದಿಲ್ಲ.

ಹೇಳಿಕೊಳ್ಳಲು ನನಗೆ ಯಾರಿದ್ದಾರೆ? ಅಪ್ಪ ಅವ್ವ ಇಲ್ಲ. ನರಸೀಪುರದ ಚಿಕ್ಕಪ್ಪ ನನ್ನನ್ನು ದಡ ಸೇರಿಸಿ ಕೈ ತೊಳೆದುಕೊಂಡರು. ಅವರ ಹೆಣ್ಣುಮಕ್ಕಳು ಇನ್ನೂ ಸಾಲಾಗಿ ನಿಂತಿದ್ದಾರೆ. ಈ ಸುದ್ದಿ ಹೊತ್ತು ನಾನು ಆ ಬಾಗಿಲಿಗೆ ಹೋದರೆ ಆ ಹುಡುಗಿಯರಿಗೆ ಗಂಡು ಸಿಕ್ಕ ಹಾಗೇ.

೧೮ ಫೆಬ್ರವರಿ

ಎರಡನೆಯ ರಕ್ತವೂ ಅದನ್ನೇ ಹೇಳಿತು. ಅದಲುಬದಲಾಗಿಲ್ಲ.

ಇವತ್ತಿನಿಂದಲೇ ಸೂಜಿ ಶುರು. ಸೊಂಟದ ಕೆಳಗೆ ಹಾಕುತ್ತಾರೆ. ಬೆಳ್ಳಗೆ ಗಟ್ಟಿ ಔಷಧಿ, ಒಳಗೆ ಹೋಗುವಾಗ ಸೀಸ ಕಾಸಿ ಸುರಿದ ಹಾಗೆ. ಹಾಕುವ ನರ್ಸಮ್ಮ ಚಾಮುಂಡಮ್ಮ, ಅಶೋಕಪುರಂನವರು. ದಪ್ಪ ಕೈ. ಹಾಕಿದ ಮೇಲೆ ಆ ದಪ್ಪ ಕೈಯಿಂದಲೇ ಮೆಲ್ಲಗೆ ತಿಕ್ಕಿದರು.

"ಯಜಮಾನ್ರು ಬರ್ಲಿಲ್ವಾ?"

"ಬರ್ತಾರೆ. ಮಂಡೀಲಿ ಕೆಲ್ಸ."

"ಎಲ್ರೂ ಹಂಗೇ ಅಂತಾರೆ ಕಣವ್ವ. ಗಂಡನ್ನ ಕರ್ಕೊಂಬನ್ನಿ ಅಂದ್ರೆ ತಲೆ ಆಡುಸ್ತಾರೆ, ಒಬ್ಬಳೂ ಕರ್ಕೊಂಬರಲ್ಲ. ಸೂಜಿ ಅಂದ್ರೆ ಗಂಡುಸ್ರಿಗೆ ಭಾರೀ ಭಯ." ಒಬ್ಬರೇ ನಕ್ಕರು. ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದರು.

ಅತ್ತೆಯವರಿಗೆ ಮೈಗೆ ಶಕ್ತಿ ಬರುವ ಸೂಜಿ ಎಂದಿದ್ದೇನೆ. ಅವರು ನನ್ನನ್ನು ಒಂದು ಥರ ನೋಡಿದರು. ಏನೂ ಕೇಳಲಿಲ್ಲ.

೨೪ ಫೆಬ್ರವರಿ

ಆಸ್ಪತ್ರೆಯಿಂದ ಕುಂಟುತ್ತಾ ಬಂದೆ. ಅತ್ತೆಯವರು ನಡುಮನೆಯ ಬಾಗಿಲಲ್ಲಿ ತಡೆದರು. "ಸೂಜಿ ಹಾಕೋಳು ಯಾವ ಜನ?" ಅಶೋಕಪುರಂನವರು ಎಂದೆ. "ಹಂಗಾದ್ರೆ ಹಿತ್ಲಿಂದ ಬಂದು ತಲೆ ಮೇಲೆ ನೀರ್ ಹಾಕ್ಕೊಂಡು ಒಳಗ್ ಬಾ. ದಿನಾ ಹಂಗೇ ಬಾ."

ಮಠದಲ್ಲಿ ಪುರಾಣ ಹೇಳುವಾಗ ನಮ್ಮಲ್ಲಿ ಮೈಲಿಗೆ ಸೂತಕಗಳಿಲ್ಲ ಎಂದರೆ ಎಲ್ಲರಿಗಿಂತ ಮುಂಚೆ ತಲೆದೂಗುವವರು ಇವರೇ.

ನೀರು ಹಾಕಿಕೊಂಡೆ. ಔಷಧಿ ಕೊಟ್ಟ ಕೈ ಮೈಲಿಗೆಯಂತೆ. ಕಾಯಿಲೆ ಕೊಟ್ಟ ಮೈ?

ಹೀಗೆಲ್ಲ ಬರೆಯಬಾರದು.

೧೬ ಮಾರ್ಚ್, ಯುಗಾದಿ

ಬೇವು ಬೆಲ್ಲ ಕೊಟ್ಟರು. ಬೇವು ಬದಿಗಿಟ್ಟು ಬೆಲ್ಲ ಮಾತ್ರ ತಿಂದೆ. ಅಡುಗೆಮನೆಗೆ ಹೋಗಿ ಅಚ್ಚು ಒಡೆದು ಮತ್ತೊಂದು ಚೂರು ತಿಂದೆ. ಅತ್ತೆಯವರು ನೋಡಿದರು. ತಿನ್ನುತ್ತಲೇ ಇದ್ದೆ.

ಸೂಜಿಗಳು ಮುಗಿದಿವೆ. ಇನ್ನು ತಿಂಗಳಿಗೊಮ್ಮೆ ರಕ್ತ ನೋಡುತ್ತಾರಂತೆ. ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದಾರೆ, ಗಂಡ ಔಷಧಿ ತೆಗೆದುಕೊಳ್ಳದೆ ನನ್ನ ಹತ್ತಿರ ಬರಕೂಡದು. ಬಂದರು. ನಾನು ಚಾಪೆ ಎತ್ತಿಕೊಂಡು ಅಡುಗೆಮನೆಗೆ ಹೊರಟೆ. "ಮೊದಲು ರಕ್ತ ಕೊಟ್ಟು ಬನ್ನಿ" ಎಂದೆ. ಇಷ್ಟು ಧೈರ್ಯ ಎಲ್ಲಿತ್ತೋ.

"ಎರಡ್ ಹೆಣ ಹೆತ್ತೋಳು ನೀನು. ನನಗೆ ಷರತ್ತು ಹಾಕ್ತೀಯಾ?" ಎಂದರು.

೨೯ ಮಾರ್ಚ್, ಭಾನುವಾರ

ಮಧ್ಯಾಹ್ನ ಅತ್ತೆಯೂ ನಾನೂ ಮೊರದಲ್ಲಿ ಹುರುಳಿ ಹಸನು ಮಾಡುತ್ತಾ ಕೂತಿದ್ದೆವು. ಕಾಳಿನ ಮೇಲಿಂದ ಕಣ್ಣು ತೆಗೆಯದೆ ಹೇಳಿದರು, ಮಂಡಕಳ್ಳಿ ಕಡೆ ಒಂದು ಹುಡುಗಿ ಇದ್ದಾಳಂತೆ, ತಂದೆಯಿಲ್ಲದ ಮಗು, ನಮ್ಮ ಜನವೇ. ಮಗ ರುದ್ರಸ್ವಾಮಿಗೆ ತಂದುಕೊಳ್ಳೋಣ ಎಂದಿದ್ದೇವೆ. "ನಿನ್ನೇನ್ ಓಡುಸ್ತಿಲ್ಲ. ನೀನೂ ಇರು. ಮನೆಗೊಂದು ಕೂಸು ಬೇಡ್ವಾ?"

ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿದ್ದೆ. ಒಳಗೆ ಅದು ಒದೆಯುತ್ತಿತ್ತು. "ಇನ್ನೊಬ್ಬಳನ್ನ ತಂದ್ರೆ ಅವಳ ಮಕ್ಕಳೂ ಸಾಯ್ತವೆ ಅತ್ತೆ. ತಪ್ಪು ನನ್ನ ಹೊಟ್ಟೇದಲ್ಲ" ಎಂದೆ.

ಮೊರ ನೆಲಕ್ಕೆ ಕುಕ್ಕಿದರು. "ಏನೇ ಗೊತ್ತು ನಿಂಗೆ? ನಾವೇನ್ ಸುಮ್ನೆ ಕೂತಿದ್ವಾ? ಮದ್ವೆಗ್ ಮುಂಚೇನೇ ಬೆಂಗ್ಳೂರಲ್ಲಿ ಇಟ್ಟು ಔಷ್ಧಿ ಕೊಡ್ಸಿದ್ವಿ. ಆ ವೈದ್ಯಾನೇ ಹೇಳ್ದ, ಒಳ್ಳೇ ಮನೆ ಕನ್ಯೆ ತಂದು ಮದ್ವೆ ಮಾಡಿ, ಉಳ್ದಿದ್ದು ಇಳ್ದೋಗುತ್ತೆ ಅಂತ!"

ಅಂದುಬಿಟ್ಟರು. ಕೈ ಮತ್ತೆ ಹುರುಳಿಯಲ್ಲಿ ಕಲ್ಲು ಹುಡುಕುತ್ತಿತ್ತು.

"ನಿಮಗೆ ಗೊತ್ತಿತ್ತಾ?" ಎಂದೆ.

"ನಂಗೂ ಹೋದ್ವು. ಇವ್ನು ಹುಟ್ಟೋಕ್ ಮುಂಚೆ ಎಷ್ಟ್ ಹೋದ್ವು, ನೀನು ಕೇಳಿದ್ದೀಯಾ ಯಾವತ್ತಾದ್ರೂ? ಇವ್ನ ಅಪ್ಪನ್ ಹೆಸ್ರು ಎತ್ತಿದ್ನಾ ನಾನು? ಬಾಯ್ಮುಚ್ಕೊಂಡು ಮಣ್ ಮಾಡ್ದೆ. ಹೆಂಗ್ಸು ಅಂದ್ಮೇಲೆ ಮಾಡ್ಬೇಕು." ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದು ಹೋದರು.

ನಂಜನಗೂಡಿನ ಕಲ್ಲುಚಪ್ಪಡಿಗಳ ಮೇಲೆ ಒದ್ದೆ ಸೀರೆಯಲ್ಲಿ ನಾನು ಉರುಳುತ್ತಿದ್ದಾಗ ಸೆರಗು ಜಾರದಂತೆ ಹಿಡಿದುಕೊಂಡು ಪಕ್ಕದಲ್ಲೇ ನಡೆಯುತ್ತಿದ್ದವರು ಇವರು. 'ಶಿವ ಕೈಬಿಡಲ್ಲ, ಉರುಳು, ಉರುಳು' ಎನ್ನುತ್ತಿದ್ದರು. ಎಲ್ಲ ಗೊತ್ತಿದ್ದೂ ಎನ್ನುತ್ತಿದ್ದರು.

ಉಳಿದದ್ದು ಇಳಿದುಹೋಗುತ್ತದೆ ಎಂದನಂತೆ ವೈದ್ಯ. ಇಳಿಯಿತು. ನನ್ನೊಳಕ್ಕೆ ಇಳಿಯಿತು, ನನ್ನಿಂದ ಆ ಎರಡು ಕೂಸುಗಳೊಳಕ್ಕೆ ಇಳಿಯಿತು, ಅಲ್ಲಿಂದ ಮಣ್ಣಿಗಿಳಿಯಿತು. ನಾನು ಸೊಸೆಯಾಗಿ ಬಂದೆನೆಂದುಕೊಂಡಿದ್ದೆ. ಕಷಾಯವಾಗಿ ಬಂದಿದ್ದೆ.

೯ ಏಪ್ರಿಲ್, ಗುರುವಾರ

ಮಂಡಕಳ್ಳಿಯವರು ಮನೆ ನೋಡಲು ಬಂದರು. ಹುಡುಗಿಯ ತಾಯಿ ಶಿವನಂಜಮ್ಮ, ಮತ್ತೆ ಸಂಬಂಧ ಹೇಳಿದ ದಲ್ಲಾಳಿ. ಪಾನಕ ಕೊಡಲು ನನ್ನನ್ನೇ ಕರೆದರು. ಬಸುರಿ ದೊಡ್ಡ ಹೆಂಡತಿ ತಾನೇ ಪಾನಕ ಕೊಟ್ಟರೆ ಮನೆಯಲ್ಲಿ ಜಗಳವಿಲ್ಲ ಎಂದು ತೋರುತ್ತದಲ್ಲ.

ಶಿವನಂಜಮ್ಮ ಕೈ ತೊಳೆಯಬೇಕು ಎಂದರು. ಹಿತ್ತಿಲಿಗೆ ನಾನೇ ಕರೆದುಕೊಂಡು ಹೋದೆ. ಚೊಂಬಿನಿಂದ ನೀರು ಹೊಯ್ಯುತ್ತಾ ಎಲ್ಲ ಹೇಳಿದೆ. ಸುತ್ತಿಬಳಸಲಿಲ್ಲ. ನೀರು ಮುಗಿಯುವುದರೊಳಗೆ ಹೇಳಿ ಮುಗಿಸಿದೆ.

"ಸವತಿ ಮತ್ಸರಕ್ಕೆ ಹೇಳ್ತಿದ್ದೀನಿ ಅಂದ್ಕೊಳ್ಳಿ ಬೇಕಾದ್ರೆ. ಆದ್ರೆ ಅವರ ರಕ್ತ ಪರೀಕ್ಷೆ ಮಾಡಿಸ್ದೆ ಹುಡುಗೀನ ಕೊಡಬೇಡಿ."

ಆಕೆ ಕೈಯನ್ನು ಸೆರಗಿಗೆ ನಿಧಾನವಾಗಿ ಒರೆಸಿಕೊಂಡರು. ನನ್ನ ಹೊಟ್ಟೆ ನೋಡಿದರು. "ನಿಂಗೆಂಗ್ ಗೊತ್ತಾಯ್ತವ್ವ ಇದು?"

"ನನ್ನ ಮಕ್ಕಳು ಸತ್ತಿದ್ರಿಂದ."

ಆಕೆ ಒಳಗೆ ಹೋಗಿ ಪಾನಕ ಪೂರ್ತಿ ಕುಡಿದರು. ಲೋಟ ಕೆಳಗಿಟ್ಟು, "ಚೆಂದಾಗದೆ" ಎಂದರು. ಪಾನಕವೋ, ಮನೆಯೋ, ನಾನು ಹೇಳಿದ್ದೋ, ತಿಳಿಯಲಿಲ್ಲ.

೨೧ ಏಪ್ರಿಲ್

ಅಧಿಕಮಾಸ ಬಂದಿದೆ, ಮದುವೆ ಮುಂಜಿ ಏನೂ ಇಲ್ಲ. ಆದರೆ ಶಿವನಂಜಮ್ಮ ದಲ್ಲಾಳಿಯ ಕೈಯಲ್ಲಿ ಹೇಳಿ ಕಳಿಸಿದ್ದಾರೆ: 'ಗಂಡು ಆಸ್ಪತ್ರೆಗೋಗಿ ರಕ್ತ ಕೊಟ್ಟು, ಸೂಜಿ ಹಾಕುಸ್ಕಂಡ್ರೆ ಮುಂದಿನ್ ಮಾತು. ಇಲ್ದಿದ್ರೆ ಇಲ್ಲ.' ಅವನು ಅದನ್ನು ಮಂಡಿಯಲ್ಲಿ ಗಿರಾಕಿಗಳೆದುರಿಗೇ ಹೇಳಿದನಂತೆ.

ಅವರು ಮಂಡಿಯಿಂದ ಮೇಲೆ ಬಂದು ಹೊಡೆದರು. ಹೊಟ್ಟೆಗೆ ಬೀಳದಂತೆ ಗೋಡೆಗೆ ತಿರುಗಿ ನಿಂತೆ.

ಮೊಹಲ್ಲಾಕ್ಕೆಲ್ಲ ಗೊತ್ತಾಗಿದೆ. ಆದರೆ ಬೀದಿ ದಾಟುವುದರೊಳಗೆ ಸುದ್ದಿ ಮಗ್ಗುಲು ಬದಲಾಯಿಸಿದೆ. ಕಾಯಿಲೆ ಇರುವುದು ಬೆಲ್ಲದ ಮಂಡಿಯ ಸೊಸೆಗಂತೆ. ಪಾಪ, ಗಂಡನಿಗೂ ಅಂಟಿಸಿದಳಂತೆ. ಹೂವಿನವಳು ಇವತ್ತು ಹೂವನ್ನು ಕೈಗೆ ಕೊಡಲಿಲ್ಲ, ಜಗಲಿಯ ಮೇಲೆ ಎಸೆದು ಹೋದಳು. 'ಸೂಜಿ ಹಾಕಿಸ್ಕೊಂಡು ಬರೋಳು ಅವಳೇ ತಾನೇ, ನಾವು ನೋಡಿದ್ದೀವಲ್ಲ' ಎನ್ನುತ್ತಾರೆ. ಹೌದು. ವಾಸಿಮಾಡಿಕೊಂಡವಳೇ ರೋಗಿ ಇವರ ಲೆಕ್ಕದಲ್ಲಿ.

೮ ಮೇ, ಶುಕ್ರವಾರ

ತಿಂಗಳ ರಕ್ತ ಕೊಡಲು ಹೋಗಿದ್ದೆ. ಗಂಡಸರಿಗೆ ಹಿಂಬದಿಯ ಕೋಣೆಯಲ್ಲಿ ಸೂಜಿ ಹಾಕುತ್ತಾರೆ. ಅಲ್ಲಿ ಬಾಗಿಲ ಹೊರಗೆ, ಟೋಪಿಯನ್ನು ಹಣೆಯವರೆಗೆ ಎಳೆದುಕೊಂಡು ಅವರು ಕೂತಿದ್ದರು. ನನ್ನನ್ನು ನೋಡಿ ಮುಖ ಗೋಡೆಗೆ ತಿರುಗಿಸಿದರು.

ಚಾಮುಂಡಮ್ಮ ನನ್ನ ಕಿವಿಯಲ್ಲಿ, "ಬಂದ್ಬುಟ್ರಲ್ಲ ಕಣವ್ವ! ಅಂತೂ ಗೆದ್ಬುಟ್ರಿ" ಎಂದರು. ಪಾಪ, ಅವರಿಗೆ ಗೊತ್ತಿಲ್ಲ.

ಸತ್ತ ಎರಡು ಮಕ್ಕಳು ಇವರನ್ನು ಇಲ್ಲಿಗೆ ತರಲಾರದೆ ಹೋದವು. ಹೊಟ್ಟೆಯಲ್ಲಿರುವುದು ಒದ್ದೂ ಒದ್ದೂ ತರಲಾರದೆ ಹೋಯಿತು. ನಾನು ಕಾಲು ಹಿಡಿದೆ, ಚಾಪೆ ಬೇರೆ ಹಾಕಿದೆ. ಮಂಡಕಳ್ಳಿಯ ಹುಡುಗಿ ಇನ್ನೂ ಮುಖವನ್ನೇ ತೋರಿಸಿಲ್ಲ. ಬಂದು ಕೂತಿದ್ದಾರೆ.

೫ ಜೂನ್

ಮದುವೆ ನಿನ್ನೆ ಆಯಿತು. ನಾನು ಎದುರಿಗೆ ಸುಳಿಯಬಾರದೆಂದು ಹೇಳಿದ್ದರು. ಒಳಗೆ ಕೂತು ಅಕ್ಷತೆಗೆ ಅಕ್ಕಿ ಆರಿಸಿದೆ. ಕಲ್ಲು ನುಚ್ಚು ತೆಗೆದು ಅಕ್ಕಿಯನ್ನು ಕೊಟ್ಟಂತೆ ಗಂಡನನ್ನೂ ಹಸನು ಮಾಡಿ ಕೊಟ್ಟಿದ್ದೇನೆ. ಇನ್ನೇನು ಮಾಡಬೇಕು ಒಬ್ಬ ಹಿರಿಯ ಹೆಂಡತಿ?

ಹುಡುಗಿಯ ಹೆಸರು ಅಂಬುಜಾ. ಎಣ್ಣೆ ಹಚ್ಚಿ ಬಿಗಿದ ಜಡೆ, ಎಲ್ಲವನ್ನೂ ಪಿಳಿಪಿಳಿ ನೋಡುವ ಕಣ್ಣು. ಇನ್ನೂ ಲಂಗದ ಅಭ್ಯಾಸ ಹೋಗಿಲ್ಲ, ಸೀರೆಯ ನೆರಿಗೆ ತುಳಿದುಕೊಂಡು ಎರಡು ಸಲ ಮುಗ್ಗರಿಸಿದಳು. ಅವಳ ಮೇಲೆ ಸಿಟ್ಟು ತರಿಸಿಕೊಳ್ಳಲು ನೋಡಿದೆ. ಆಗಲಿಲ್ಲ.

ಮಾಳಿಗೆಯ ಕೋಣೆ ನನಗೆ ಬೇಕೆಂದು ಕೇಳಿದೆ. ಕಣ್ಣಿಗೆ ಬೀಳದಿದ್ದರೆ ಸಾಕೆಂದು ಕೊಟ್ಟರು. ಬಾಗಿಲಿಗೆ ಒಳಗಿನಿಂದ ಒಳ್ಳೆಯ ಅಗುಳಿ ಇದೆ.

೮ ಜುಲೈ, ಬುಧವಾರ. ಆಸ್ಪತ್ರೆ

ಹೆಣ್ಣು. ಬೆಳಿಗ್ಗೆ.

ಅತ್ತಳು. ಎಷ್ಟು ಜೋರಾಗಿ ಅತ್ತಳೆಂದರೆ ಪಕ್ಕದ ಮಂಚದವಳು ಬೈದಳು.

ಅಂಗೈ ಬಿಡಿಸಿ ನೋಡಿದೆ. ಅಂಗಾಲು ನೋಡಿದೆ. ಮತ್ತೆ ಅಂಗೈ ನೋಡಿದೆ. ಮೊಲೆ ಹಿಡಿದಳು, ಬಿಡಲಿಲ್ಲ.

೧೧ ಜುಲೈ, ಶನಿವಾರ. ಆಸ್ಪತ್ರೆ

ಮಗುವಿನ ಮೈಯಲ್ಲಿ ಯಾವ ಲಕ್ಷಣವೂ ಇಲ್ಲ ಎಂದರು ಡಾಕ್ಟರು. ರಕ್ತವನ್ನು ಮಾತ್ರ ಆಗಾಗ ನೋಡುತ್ತಿರಬೇಕಂತೆ.

ಅತ್ತೆ ಬಂದು, "ಹೆಣ್ಣಾ?" ಎಂದು ಕೇಳಿ ಹೋದರು. ಅಂಬುಜಳ ಗಂಡ ಬಂದಿಲ್ಲ. ಅವನು ಬೆಂಗಳೂರಿಗೆ ಹೋಗಿದ್ದಾನೆ, ವ್ಯಾಪಾರದ ಮೇಲೆ. ಅವನ ವ್ಯಾಪಾರ ನನಗೆ ಈಗ ಗೊತ್ತು.

ಅದಕ್ಕಿಂತ ಕೆಟ್ಟದ್ದನ್ನು ಚಾಮುಂಡಮ್ಮ ಹೇಳಿದರು. "ನಿಮ್ಮೆಜಮಾನ್ರು ಮದ್ವೆ ದಿನ ಗೊತ್ತಾದ್ಮೇಲೆ ಈ ಕಡೆ ತಲೆ ಹಾಕ್ಲಿಲ್ಲ ಕಣವ್ವ. ಸೂಜಿ ಅರ್ಧಕ್ಕೇ ಬುಟ್ಬುಟ್ರು." ಹಸನು ಮಾಡಿ ಕೊಟ್ಟೆ ಎಂದುಕೊಂಡಿದ್ದೆನಲ್ಲ. ಅರ್ಧ ಹಸನು.

ಮಧ್ಯಾಹ್ನ ಅಂಬುಜಾ ಬಾಣಂತಿ ಅನ್ನ, ಮೆಣಸಿನ ಸಾರು ತಂದಳು. ನಾಳೆಯಿಂದ ಆಷಾಢ, ಅವಳ ತಾಯಿ ಕರೆದುಕೊಂಡು ಹೋಗಲು ಬಂದಿದ್ದಾರಂತೆ. ಮಗುವನ್ನು ಎತ್ತಿಕೊಂಡು ಅದರ ಮೂಗು ಮುಟ್ಟಿ ನೋಡಿದಳು. ಆಮೇಲೆ ಇದ್ದಕ್ಕಿದ್ದಂತೆ ನನ್ನ ಕಾಲು ಮುಟ್ಟಲು ಬಗ್ಗಿದಳು. "ಅವ್ವ ಯೋಳುದ್ಲು. ನೀವ್ ಯೋಳಿದ್ಕೇ ಅವ್ರು ಸೂಜಿ ಆಕುಸ್ಕಂಡ್ರಂತೆ. ನಿಮ್ಮಿಂದ ನಾ ಉಳ್ಕಂಡೆ ಅಕ್ಕ."

ಸುಮ್ಮನಿದ್ದುಬಿಡಬಹುದಿತ್ತು. ಆ ಹುಡುಗಿ ನಗುನಗುತ್ತಾ ತವರಿಗೆ ಹೋಗುತ್ತಿದ್ದಳು. ಅತ್ತೆಯೂ ಹೀಗೇ ಸುಮ್ಮನಿದ್ದದ್ದು ತಾನೇ?

ಹೇಳಿದೆ. ಅವಳ ಮುಖದಿಂದ ಬಣ್ಣ ಇಳಿಯುವುದನ್ನು ನೋಡಿದೆ. ಮಗುವನ್ನು ಎದೆಗೆ ಒತ್ತಿಕೊಂಡಳು. ಆಮೇಲೆ, "ನಾನೂ ರಕ್ತ ಕೊಡ್ಬೌದಾ ಅಕ್ಕ?" ಎಂದಳು.

ಗೋಡೆ ಹಿಡಿದುಕೊಂಡು ಎದ್ದು, ನಾನೇ ಅವಳನ್ನು ಚಾಮುಂಡಮ್ಮನ ಹತ್ತಿರ ಕರೆದುಕೊಂಡು ಹೋದೆ. ರಬ್ಬರು ಕಟ್ಟುವಾಗ ಅವಳು ಮುಖ ತಿರುಗಿಸಿ ನನ್ನ ಸೆರಗು ಹಿಡಿದಳು.

"ನೋಯ್ತದಾ?"

"ಇದು ನೋಯೋದಿಲ್ಲ ಕಣೆ" ಎಂದೆ.

೨೦ ಜುಲೈ

ಮನೆಗೆ ಬಂದು ಮೂರು ದಿನ. ಮಾಳಿಗೆಗೆ ಯಾರೂ ಬರುವುದಿಲ್ಲ. ನನ್ನ ಒಲೆ ಬೇರೆ ಮಾಡಿಕೊಂಡಿದ್ದೇನೆ. ಮಗುವಿಗೆ ಹೆಸರಿಡಲು ಯಾರೂ ಮುಂದೆ ಬರಲಿಲ್ಲ. ಗೌರಿ ಎಂದು ನಾನೇ ಕಿವಿಯಲ್ಲಿ ಹೇಳಿದೆ.

ಅಂಬುಜಳ ರಕ್ತದಲ್ಲಿ ಸದ್ಯಕ್ಕೆ ಏನೂ ಇಲ್ಲವಂತೆ. ಇನ್ನೆರಡು ತಿಂಗಳು ಬಿಟ್ಟು ಮತ್ತೆ ನೋಡಬೇಕಂತೆ. ಹಾಲು ಮಾರಲು ಬರುವ ಮಂಡಕಳ್ಳಿಯ ಮುದುಕಿಯ ಕೈಯಲ್ಲಿ 'ಈಗ ಚೆನ್ನಾಗಿದೆ, ಆದರೆ ಮುಂದಿನದು ನಿನ್ನ ಕೈಯಲ್ಲಿದೆ' ಎಂದಷ್ಟೇ ಹೇಳಿ ಕಳಿಸಿದೆ. ಅರ್ಥ ಮಾಡಿಕೊಂಡಾಳೋ ಇಲ್ಲವೋ. ಶ್ರಾವಣದಲ್ಲಿ ಆರತಿ ಎತ್ತಿ ಒಳಗೆ ಕರೆದುಕೊಳ್ಳುತ್ತಾರೆ, ಕೋಣೆಗೆ ಹೂ ಹಾಸುತ್ತಾರೆ. ಆ ವಯಸ್ಸಿನಲ್ಲಿ ನಾನಾದರೂ ಏನು ಮಾಡಿದೆ?

೧೩ ಆಗಸ್ಟ್, ಗುರುವಾರ

ಅಂಬುಜಾ ನಿನ್ನೆ ಸಂಜೆ ಬಂದಳು. ಅತ್ತೆ ಆರತಿ ಎತ್ತಿದರು. ಅಂಬುಜಳ ಗಂಡ ರೇಷ್ಮೆ ಶಲ್ಯ ಹೊದ್ದು ನಡುಮನೆಯಲ್ಲಿ ಕಾದಿದ್ದ. ಅವಳು ಹೊಸ್ತಿಲಿಗೆ ನಮಸ್ಕಾರ ಮಾಡಿದಳು, ಅತ್ತೆಯ ಕಾಲಿಗೆ ಬಿದ್ದಳು, ತನ್ನ ಟ್ರಂಕು ಎತ್ತಿಕೊಂಡು ಯಾರ ಮುಖವನ್ನೂ ನೋಡದೆ ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದಳು. ಅಗುಳಿ ಹಾಕಿ ಅದಕ್ಕೇ ಒರಗಿ ನಿಂತಳು.

"ಸೂಜಿ ಪೂರ್ತಿ ಆಗೋಗಂಟ ನಾ ಕೆಳಕ್ಕೋಗಲ್ಲ. ಅವ್ವಂಗೂ ಯೋಳಿದ್ದೀನಿ."

"ಏನಂದ್ರು?"

"ಬಾಗ್ಲು ಗಟ್ಟಿಯಾಗದಾ ನೋಡ್ಕ ಅಂದ್ಲು."

ಕೆಳಗೆ ರಾದ್ಧಾಂತವಾಯಿತು. ಅಂಬುಜಳ ಗಂಡ ಮೆಟ್ಟಿಲು ಹತ್ತಿ ಬಂದು ಬಾಗಿಲು ಒದ್ದ. ಮಗು ಕಿರುಚಿತು. ಎದುರು ಮಂಡಿಗಳ ಹಮಾಲಿಗಳು ಬೀದಿಯಲ್ಲಿ ನಿಂತು ಮೇಲೆ ನೋಡತೊಡಗಿದರು. ಅದನ್ನು ಕಂಡು ಇಳಿದು ಹೋದ. ಆಸ್ಪತ್ರೆಗೆ ಮಾತ್ರ ಹೋಗಲಿಲ್ಲ. ಹೋಗುತ್ತಾನೆಂಬ ನಂಬಿಕೆ ನನಗಿಲ್ಲ. ಅವಳಿಗೆ ಇರಬಹುದು, ಚಿಕ್ಕವಳು.

ಇವತ್ತು ಬೆಳಿಗ್ಗೆ ಅಂಬುಜಾ ಗೌರಿಗೆ ಎಣ್ಣೆ ಹಚ್ಚುತ್ತಿದ್ದಳು, ನಾನು ನೀರು ಕಾಯಿಸುತ್ತಿದ್ದೆ. ಅತ್ತೆ ಮೆಟ್ಟಿಲ ಬುಡದಲ್ಲಿ ನಿಂತು ಬೀದಿಗೆ ಕೇಳುವಂತೆ ಕೂಗಿದರು: "ಇಬ್ರು ಸೊಸೇರಿದ್ದು ನನ್ ಮಗ ಒಬ್ಬನೇ ಮಲಗ್ತಾನೆ! ಇರ್ಲಿ, ಇರ್ಲಿ. ಹೆಣ್ಣಿಗೇನ್ ಬರಗಾಲ ಬಂದಿದ್ಯಾ ಈ ಸೀಮೇಲಿ? ಮೂರ್ನೇದ್ ನೋಡಿಟ್ಟಿದ್ದೀನಿ, ಶ್ರಾವಣದಲ್ಲೇ ಮಾಡ್ತೀನಿ!"

ಅಂಬುಜಳ ಕೈ ಮಗುವಿನ ಬೆನ್ನ ಮೇಲೆ ಒಂದು ಗಳಿಗೆ ನಿಂತಿತು. ಮತ್ತೆ ತಿಕ್ಕತೊಡಗಿದಳು.

"ಆ ಉಡ್ಗಿದು ಯಾವೂರು ಅಂತ ತಿಳ್ಕಳಿ ಅಕ್ಕ" ಎಂದಳು. "ಮೊದ್ಲೇ ಓಗ್ಬುಟ್ಟು ಬರಾನ."